ಪೋಡಿನ ಮನೆಯಲ್ಲಿ ಅತಿಥಿ

ತಿಥಿಯನ್ನು ಮುಂದಾಗಿ ತಿಳಿಸದೆ ಬರುವವನೇ ಅತಿಥಿ ಎಂದು ಪ್ರಾಚೀನರು ನಿರುಕ್ತಿ ಹೇಳಿದರು. ಇಂದಿನ ಸ್ವಯಂಸೇವಕರು ತಿಥಿಯನ್ನು ಗೊತ್ತುಮಾಡಿಕೊಂಡು, ಊಟ ವಸತಿಗಳ ಹಣವನ್ನು ಮುಂಗಡವಾಗಿ ತೆತ್ತು ಬರುತ್ತಾರೆ. ದಕ್ಷಿಣ ಆಫ್ರಿಕದ ಕ್ವಾಜುಲು-ನಾಟಾಲ್ ಪ್ರಾಂತದಲ್ಲಿ ದೂರದೇಶಗಳ ತರುಣ ತರುಣಿಯರು ಜುಲು ಕುಟುಂಬಗಳೊಡನೆ ವಾಸಿಸಿ ಆ ಜನರ ಸಂಸ್ಕೃತಿಯನ್ನು ಅರಿಯುವ ಏರ್ಪಾಡು ಇಂಥದು. ಇದನ್ನು ಹಗುರವಾಗಿ ಕಾಣಬೇಕಾದುದಿಲ್ಲ. ಅಲ್ಲಿ ವಂದನೆಗಾಗಿ ಹೇಳುವ ‘ಸಾವುಬೋನಾ’ ಎಂಬ ಮಾತಿಗೆ ‘ನಿನ್ನನ್ನು ಕಂಡೆವು’ ಎಂದು ಅರ್ಥ. ಸೊಸೆಯಾದವಳು ಮಾವನ ಹೆಸರನ್ನಷ್ಟೇ ಅಲ್ಲ, ಆ ಹೆಸರಿನ ಧ್ವನಿಗಳುಳ್ಳ ಬೇರೆ ಮಾತುಗಳನ್ನೂ ತೊರೆದು ಬದಲಿ ಶಬ್ದಗಳನ್ನು ಬಳಸುವ ‘ಹ್ಲೋನಿಫ’ ಎಂಬ ಸಂಪ್ರದಾಯವುಂಟು. ಗಂಡನ ಹೆಸರು ಹೇಳಲೊಲ್ಲದ ನಮ್ಮ ಅಜ್ಜಿಯರಿಗೆ ಇದು ಅಪರಿಚಿತವೆನಿಸದು. ಇಂಥವನ್ನು ಗ್ರಂಥದಿಂದ ತಿಳಿಯಬಹುದಾದರೂ ಒಲೆಯ ಬಳಿ ಕುಳಿತಾಗಲೇ ಅವು ಮನಸ್ಸಿಗಿಳಿಯುತ್ತವೆ.

ಚಾಮರಾಜನಗರ ಸೀಮೆಯವರು ಇದಕ್ಕಾಗಿ ಕಡಲು ದಾಟಬೇಕಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಮಲೆ ಮಹದೇಶ್ವರನ ಬೆಟ್ಟದಲ್ಲಿಯೂ ಸೋಲಿಗರ ಪೋಡುಗಳಿವೆ. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಬಂಡೀಪುರದ ಅಂಚಿಗೆ ಸೋಲಿಗರೂ ಜೇನುಕುರುಬರೂ ನೆಲೆಸಿದ್ದಾರೆ. ಬಿಳಿಗಿರಿರಂಗನು ಸೋಲಿಗರ ಕನ್ಯೆ ಕುಸುಮಾಲೆಯ ಕೈಹಿಡಿದವನಾದುದರಿಂದ ಅವರಿಗೆ ಆತ ಬಾವ. ದೇವರೊಡನೆ ಬೀಗತನವುಳ್ಳವರಿಗೆ ಆತಿಥ್ಯವನ್ನು ಹೊರಗಿನವರು ಕಲಿಸಬೇಕಾಗಿಲ್ಲ.

ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಹದೇಶ್ವರ ಕಾವ್ಯದಲ್ಲಿ ಸಂಕಮ್ಮನ ಕಥೆಯಿದೆ. ಗಂಡ ನೀಲೇಗೌಡನ ಸಂಶಯಕ್ಕೆ ತುತ್ತಾಗಿ ಕಾಡಿನ ಗುಡಿಸಲಲ್ಲಿ ಬಳಲುತ್ತಿದ್ದ ಈ ಸೋಲಿಗಿತಿಯ ಬಾಗಿಲಿಗೆ ಮಾದಪ್ಪನು ಜಂಗಮರೂಪದಿಂದ ಬಂದನು. ಅವನ ವರದಿಂದ ಹುಟ್ಟಿದ ಕಾರಯ್ಯ ಬಿಲ್ಲಯ್ಯರು ಅವನ ಶರಣರಾದರು. ಗುಡಿಸಲಿಗೆ ಬಂದ ಜಂಗಮನು ಮೊದಲು ಕಂಡುದು ಆ ಮನೆಯ ನೋವನ್ನು ಎಂಬುದು ಗಮನಾರ್ಹ. ದಾಸೋಹದಲ್ಲಿ ನೀಡುವವನ ಧರ್ಮವನ್ನು ಕುರಿತು ವಿಚಾರ ಬಹಳವಾಗಿ ನಡೆದಿದೆ. ಪಡೆಯುವವನ ಧರ್ಮವನ್ನು ಕುರಿತ ಚರ್ಚೆ ವಿರಳ.

ಈ ಎರಡನೆಯ ಧರ್ಮವನ್ನು ಅರಿತು ಬೆಟ್ಟವೇರಿದವರು ಡಾಕ್ಟರ್ ಎಚ್. ಸುದರ್ಶನ್. ಅವರು ೧೯೮೧ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಆಸ್ಪತ್ರೆ, ಶಾಲೆಗಳು ಬೆಳೆದವು; ವೈದ್ಯರೂ ಶಿಕ್ಷಕರೂ ಸೇವೆಗಾಗಿ ಬಂದು ನಿಂತರು. ೧೯೯೪ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ೨೦೦೦ದಲ್ಲಿ ಪದ್ಮಶ್ರೀಯೂ ಅವರಿಗೆ ಸಂದವು. ಪ್ರಶಸ್ತಿಗಳಿಗಿಂತ ಹಿರಿದಾದುದು, ಸೋಲಿಗರ ಗಿಡಮೂಲಿಕೆಯ ವೈದ್ಯವನ್ನು ಅಲ್ಲಗಳೆಯದೆ ಕೇಂದ್ರವು ಅದಕ್ಕೂ ಸ್ಥಾನವಿತ್ತುದು.

ಅತಿಥಿಯು ಮನೆ ಯಾರದೆಂಬುದನ್ನೂ ತಿಳಿದಿರಬೇಕು. ೧೯೭೪ರಲ್ಲಿ ಬಿಳಿಗಿರಿರಂಗನ ಬೆಟ್ಟವು ವನ್ಯಜೀವಿಧಾಮವಾದಾಗ ಬೇಟೆಯೊಡನೆ ಕುಮರಿ ಬೇಸಾಯವೂ ನಿಂತು, ಅನೇಕ ಕುಟುಂಬಗಳು ಹಳೆಯ ಪೋಡುಗಳನ್ನು ಬಿಟ್ಟು ಕಾಲೋನಿಗಳನ್ನು ಸೇರಬೇಕಾಯಿತು. ಜೇನು, ನೆಲ್ಲಿಕಾಯಿಗಳ ಸಂಗ್ರಹಕ್ಕೂ ಮುಂದೆ ತಡೆ ಬಂದಿತು. ೨೦೧೧ರಲ್ಲಿ ಅರಣ್ಯವು ಹುಲಿ ಮೀಸಲು ಪ್ರದೇಶವಾಯಿತು; ಅದೇ ವರ್ಷ ಅರಣ್ಯ ಹಕ್ಕು ಕಾಯಿದೆಯಂತೆ ಸೋಲಿಗರಿಗೆ ಸಮುದಾಯ ಹಕ್ಕೂ ದೊರೆಯಿತು. ಜೇನು ಇಳಿಸಿದಾಗ ಮರವೇರಲಾರದ ಹುಲಿಗೂ ಒಂದು ಪಾಲನ್ನು ನೆಲದ ಮೇಲಿಡುವುದು ತಮ್ಮ ವಾಡಿಕೆಯೆಂದು ಹೇಳುವ ಜನ ತಮ್ಮ ಪಾಲಿಗಾಗಿ ಅಷ್ಟು ಕಾಲ ಕಾಯಬೇಕಾಯಿತು.

ರೊಟ್ಟಿ ಹಬ್ಬದಲ್ಲಿ ಹೊಸ ರಾಗಿಯ ರೊಟ್ಟಿಯನ್ನು ದೇವರಿಗೆ ಅರ್ಪಿಸಿ, ಗೊರುಕನ ಹಾಡಿಗೆ ಹೆಂಗಸರೂ ಗಂಡಸರೂ ಹೆಜ್ಜೆಹಾಕುತ್ತಾರೆ. ಅದನ್ನು ವಿಹಾರಧಾಮದ ಅಂಗಳಕ್ಕೆ ತಂದು ಅರ್ಧ ಗಂಟೆಗೆ ಕತ್ತರಿಸಿದರೆ ಕುಣಿತ ಉಳಿದೀತು, ಹಬ್ಬ ಉಳಿಯದು.

ಉಪಾಧ್ಯಾಯರಿಗಂತೂ ಇಂಥ ವಾಸದಿಂದ ಬೇರೊಂದು ಪ್ರಯೋಜನವುಂಟು. ಸೋಲಿಗ ನುಡಿ ಕನ್ನಡದ ಒಡಹುಟ್ಟು. ಹಳಗನ್ನಡದ ಪಕಾರವು ಹಕಾರವಾಗುವುದನ್ನು ವ್ಯಾಕರಣದಲ್ಲಿ ಪಾಠ ಹೇಳುವವರು ‘ಪೋಡು’ ಎಂಬ ಮಾತಿನಲ್ಲಿ ಪಕಾರ ಇನ್ನೂ ಉಸಿರಾಡುತ್ತಿರುವುದನ್ನು ಕೇಳಬಹುದು. ಪೋಡಿನ ಮಗು ತರಗತಿಯಲ್ಲಿ ತನ್ನ ನುಡಿಯಲ್ಲಿ ಉತ್ತರ ಕೊಟ್ಟಾಗ ಉಳಿದವರು ನಕ್ಕರೆ ಆ ಮಗು ಮರುದಿನ ಬಾಯಿ ತೆರೆಯದು; ಕೆಲವು ದಿನಗಳಲ್ಲಿ ಶಾಲೆಗೇ ಬಾರದು. ಕಾಡಿನ ಸೊಪ್ಪಿನ ಹೆಸರು ತಿಳಿಯದೆ ತಡವರಿಸಿ, ಪೋಡಿನ ಮಕ್ಕಳ ನಗೆಗೆ ತಾನೇ ಒಮ್ಮೆ ಪಾತ್ರನಾದ ಉಪಾಧ್ಯಾಯನು ಆ ನಗುವನ್ನು ತರಗತಿಯಲ್ಲಿ ಬೆಳೆಯಗೊಡಲಾರ.

ಹುಲಿ ಮೀಸಲು ಪ್ರದೇಶದೊಳಗಿನ ಪೋಡುಗಳಲ್ಲಿ ತಂಗಬಯಸುವವರು ಅರಣ್ಯ ಇಲಾಖೆಯ ಅನುಮತಿಯನ್ನು ಪಡೆಯತಕ್ಕದ್ದು. ಪೋಡಿನ ಯಜಮಾನನ ಒಪ್ಪಿಗೆಯನ್ನು ಅದಕ್ಕೂ ಮೊದಲೇ ಕೇಳುವುದು ಲೇಸು.