ಬಿಡದಿ ವಂಡರ್‌ಲಾಗೆ ಹೊರಟ ಸಂಸಾರಸ್ಥರ ಗಮನಕ್ಕೆ

ಟಿಕೆಟ್ ದರ ನೋಡಿಯೇ ಎದೆ ಹಿಡಿದುಕೊಳ್ಳುವವರು ಬಹಳ. ಆದರೆ ಜೇಬಿಗೆ ನಿಜವಾದ ತೂತು ಬೀಳುವುದು ಗೇಟು ದಾಟಿದ ಮೇಲೆ: ಈಜುಡುಗೆ, ಲಾಕರ್, ಊಟ, ಐಸ್‌ಕ್ರೀಮ್, ಫೋಟೊ. ಈ ಸೂಚನೆ 2005ರಲ್ಲಿ ತೆರೆದ ಬಿಡದಿಯ ವಂಡರ್‌ಲಾ ಮನರಂಜನಾ ಪಾರ್ಕಿಗೆಂದು ಬರೆದದ್ದು. ಮೈಸೂರಿನ ಜಿಆರ್‌ಎಸ್ ಪಾರ್ಕಿಗೆ ಹೋಗುವವರೂ ಓದಿಕೊಳ್ಳಬಹುದು.

ಮಾಡಬೇಕಾದ್ದು

ಮೊದಲು ದಿನ ಗೊತ್ತುಮಾಡಿ, ಆಮೇಲೆ ಟಿಕೆಟ್. ವಾರದ ನಡುವೆ ಒಂದು ದರ, ಶನಿವಾರ-ಭಾನುವಾರ ಮತ್ತು ರಜೆಯ ದಿನಗಳಿಗೆ ಇನ್ನೊಂದು. ಹೆಚ್ಚು ಕೊಟ್ಟವರಿಗೆ ಸಿಗುವುದು ಹೆಚ್ಚು ಉದ್ದದ ಕ್ಯೂ, ಅಷ್ಟೇ. ಮಂಗಳವಾರವೋ ಬುಧವಾರವೋ ಹೋಗಿ. ಅದಕ್ಕಾಗಿ ಒಂದು ದಿನ ಶಾಲೆ ತಪ್ಪಿದರೆ ಆಕಾಶವೇನೂ ಕಳಚಿ ಬೀಳದು, ಮೇಷ್ಟರು ಕ್ಷಮಿಸಲಿ.

ಮಗುವನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ ಅಳತೆ ತೆಗೆಯಿರಿ. ಇಲ್ಲಿ ಮಕ್ಕಳ ಟಿಕೆಟ್ ಎತ್ತರದ ಮೇಲೆ, ವಯಸ್ಸಿನ ಮೇಲಲ್ಲ. 140 ಸೆಂಟಿಮೀಟರ್ ದಾಟಿದ್ದರೆ ಆರನೇ ಕ್ಲಾಸಿನ ಹುಡುಗಿಯೂ ದೊಡ್ಡವರ ಲೆಕ್ಕ. ದೊಡ್ಡ ರೈಡುಗಳಿಗೂ ಎತ್ತರದ ಮಿತಿ ಉಂಟು. ಯಾವುದಕ್ಕೆ ಬಿಡುವುದಿಲ್ಲ ಎಂಬುದನ್ನು ಮನೆಯಲ್ಲೇ ಹೇಳಿಬಿಡಿ, ಕ್ಯೂ ತುದಿಯ ರಂಪ ತಪ್ಪುತ್ತದೆ.

ಪರೀಕ್ಷೆ ಮುಗಿಯಿತೆಂದು ಹಾಲ್ ಟಿಕೆಟ್ ಹರಿದೆಸೆಯಬೇಡಿ, ಕಾಲೇಜಿನ ಐಡಿ ಕಾರ್ಡೂ ಜೊತೆಗಿರಲಿ. ಎರಡಕ್ಕೂ ರಿಯಾಯಿತಿ ಕೊಟ್ಟಿರುವುದುಂಟು. ಹಿರಿಯ ನಾಗರಿಕರು ವಯಸ್ಸಿನ ದಾಖಲೆ ಇಟ್ಟುಕೊಳ್ಳಲಿ. ಬುಕ್ ಮಾಡುವಾಗ ತೋರಿಸಿದ ಮೊತ್ತಕ್ಕೆ ಜಿಎಸ್‌ಟಿ ಸೇರಿದೆಯೇ ಎಂದು ನೋಡಿ. ಐದು ಜನರ ಟಿಕೆಟ್ಟಿನಲ್ಲಿ ಅದು ಸಣ್ಣ ಮಾತಲ್ಲ.

ನೈಲಾನ್ ಅಥವಾ ಲೈಕ್ರಾ ಬಟ್ಟೆ, ಟವೆಲ್, ಒದ್ದೆ ಬಟ್ಟೆ ತುಂಬಲು ಪ್ಲಾಸ್ಟಿಕ್ ಚೀಲ, ಎಲ್ಲವನ್ನೂ ಮನೆಯಿಂದಲೇ ಒಯ್ಯಿರಿ. ಹತ್ತಿ ಬಟ್ಟೆ, ಜೀನ್ಸ್, ಸೀರೆ, ದುಪಟ್ಟಾ ನೀರಿಗೆ ನಡೆಯುವುದಿಲ್ಲ. ಸೀರೆಯಲ್ಲೇ ಬಂದ ಅಜ್ಜಿಗೆ ಕೊನೆಗೆ ಒಳಗಿನ ಅಂಗಡಿಯೇ ಗತಿ, ಅಲ್ಲಿ ಚೌಕಾಸಿ ಇಲ್ಲ. ಅಂದಹಾಗೆ, ಯಾವ ರೈಡೂ ಹತ್ತದ ಅಜ್ಜಿಗೂ ಟಿಕೆಟ್ ಬೇಕು. ಅಲೆಯ ಕೊಳದಲ್ಲಿ ಕಾಲಾದರೂ ಇಳಿಬಿಡುತ್ತಾರೆಯೇ ಎಂದು ಮೊದಲೇ ಕೇಳಿ.

ಕರ್ನಾಟಕದ ಹೆಣ್ಣುಮಕ್ಕಳು ಗುರುತಿನ ಚೀಟಿ ಹಿಡಿದು ಸಾಮಾನ್ಯ ಸರ್ಕಾರಿ ಬಸ್ಸನ್ನೇ ಹತ್ತಿ. ಜೂನ್ 2023ರಿಂದ ಇರುವ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ಕಾಸಿಲ್ಲ. ಎಸಿ, ಐಷಾರಾಮಿ ಬಸ್ಸುಗಳಿಗೆ ಅದು ನಡೆಯದು. ಮೈಸೂರು ಬೋರ್ಡು ಕಂಡೊಡನೆ ನುಗ್ಗಬೇಡಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಹಿಡಿದ ಬಸ್ಸು ಬಿಡದಿಯನ್ನು ಬದಿಗೊತ್ತಿ ಹೋಗಿಬಿಡುತ್ತದೆ. ಕಂಡಕ್ಟರನ್ನು ಕೇಳಿ ಹತ್ತಿ.

ಮಾಡಬಾರದ್ದು

ಬೈಕಿನಲ್ಲಿ ಹೋಗುವವರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಇಳಿಯಬಾರದು. ಆಗಸ್ಟ್ 2023ರಿಂದ ಅಲ್ಲಿ ದ್ವಿಚಕ್ರ ವಾಹನ, ಆಟೊಗಳಿಗೆ ನಿಷೇಧವಿದೆ. ಉಳಿಸಿದ್ದು ದಂಡಕ್ಕೆ ಹೋದೀತು.

ಪುಳಿಯೋಗರೆ ಡಬ್ಬಿಯನ್ನು ಟವೆಲಿನಡಿ ಬಚ್ಚಿಡಬೇಡಿ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಬ್ಯಾಗು ತಪಾಸಣೆಯಾಗುತ್ತದೆ. ಬೆಳಿಗ್ಗೆಯೇ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಹೋಗಿ. ಬೆಣ್ಣೆ ಹಾಕಿಸಿಕೊಂಡು ತಿಂದ ಕೂಡಲೇ ತಲೆಕೆಳಗಾಗುವ ರೈಡು ಹತ್ತಬೇಡಿ. ಉಳಿದದ್ದನ್ನು ಹೇಳುವುದು ಬೇಡ.

ವಾರದ ನಡುವೆ ಹೋಗಿ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಕೊಳ್ಳಬೇಡಿ, ಕ್ಯೂ ಇಲ್ಲದ ಕಡೆ ಕ್ಯೂ ತಪ್ಪಿಸಲು ದುಡ್ಡೇಕೆ? ವಾಟ್ಸ್‌ಆ್ಯಪ್‌ನಲ್ಲಿ ಬರುವ 'ಉಚಿತ ಪಾಸ್' ಲಿಂಕನ್ನು ಒತ್ತಲೇಬೇಡಿ.

ಚಿನ್ನದ ಸರ, ಬಳೆ, ಓಲೆ ಬೇಡವೇ ಬೇಡ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಜೋರಿನ ರೈಡು ಹತ್ತಕೂಡದು. ಇದರಲ್ಲಿ 'ಒಂದೇ ಒಂದು ಸಲ' ಎಂಬುದಿಲ್ಲ. ಸೊಂಟದ ಮಟ್ಟದ ನೀರೆಂದು ಮಕ್ಕಳನ್ನು ಬಿಟ್ಟು ಮೊಬೈಲ್ ನೋಡುತ್ತ ಕೂರಬೇಡಿ. ಜೀವರಕ್ಷಕರಿಗೆ ನೂರು ತಲೆ, ನಿಮಗೆ ಎರಡೇ.

ನೀರಿಗೊಮ್ಮೆ, ಒಣ ರೈಡಿಗೊಮ್ಮೆ ಅಲೆದಾಡಬೇಡಿ. ಮೊದಲು ಒಣ ರೈಡು ಮುಗಿಸಿ, ಬಿಸಿಲೇರಿದ ಮೇಲೆ ನೀರಿಗಿಳಿಯಿರಿ. ನೀರಿನ ಆಟ ಪಾರ್ಕಿಗಿಂತ ಮುಂಚೆಯೇ ಮುಚ್ಚುತ್ತದೆ, ವೇಳೆ ವಿಚಾರಿಸಿಕೊಳ್ಳಿ. ಲಾಕರಿಗೆ ಠೇವಣಿ ಕಟ್ಟಿದ್ದರೆ ಅದನ್ನು ಕೈಗೆ ತೆಗೆದುಕೊಳ್ಳದೆ ಗೇಟು ದಾಟಬೇಡಿ.