ಶೀತಕ್ಕೆ ಹಿತ್ತಲ ಮದ್ದು: ತೆಂಗಿನ ಸೀಮೆಯ ನರ್ಸಮ್ಮನ ಹನ್ನೊಂದು ಪಾಠಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಊರವರ ಬಾಯಲ್ಲಿ ನರ್ಸಮ್ಮ. ಲಸಿಕೆ ಹಾಕಲು, ಬಾಣಂತಿಯರನ್ನು ನೋಡಲು ಮನೆ ಮನೆ ತಿರುಗುವಾಗ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುತ್ತಿದ್ದ ಮಾತು ಒಂದೇ: "ನರ್ಸಮ್ಮ, ಶೀತ ಆಗೈತೆ, ಏನಾದ್ರೂ ಕೊಡಿ." ಕೊಡಬೇಕಾದದ್ದು ಬಹುಪಾಲು ಅವರ ಹಿತ್ತಲಲ್ಲೇ ಇರುತ್ತಿತ್ತು. ಕೊಡಲೇಬಾರದ ಒಂದೆರಡು ವಸ್ತುಗಳೂ ಅದೇ ಮನೆಯ ಗೂಡಿನಲ್ಲಿ ಇರುತ್ತಿದ್ದವು. ಎರಡನ್ನೂ ಬೇರ್ಪಡಿಸಿ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ತೆಂಗಿನ ಮರದ್ದು ಯಾವುದನ್ನೂ ಎಸೆಯುವುದಿಲ್ಲ. ಚಿಪ್ಪು ಇದ್ದಿಲಾಗುತ್ತದೆ, ಸಿಪ್ಪೆ ನಾರಾಗುತ್ತದೆ, ಗರಿಯ ಕಡ್ಡಿ ಪೊರಕೆಯಾಗುತ್ತದೆ. ಶೀತದ ಆರೈಕೆಯೂ ಹಾಗೇ ನಡೆಯಬೇಕು. ಅರ್ಧ ಕುಡಿದಿಟ್ಟ ಸಿರಪ್ ಬಾಟಲಿ, ಮಾತ್ರೆಯ ಖಾಲಿ ಹಾಳೆ, ಕಾಗದದ ರಾಶಿ ಇವು ಯಾವುದೂ ಇಲ್ಲದೆ ಒಂದು ನೆಗಡಿಯನ್ನು ಸಾಗಹಾಕಬಹುದು.

1. ಶೀತಕ್ಕೆ ಅದರದೇ ದಿನಲೆಕ್ಕ ಇದೆ

ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚು. ಅದರಲ್ಲಿ ರೈನೋವೈರಸ್‌ನದೇ ದೊಡ್ಡ ಪಾಲು. ಇವನ್ನು ಕೊಲ್ಲುವ ಮಾತ್ರೆ ಇಲ್ಲ, ಕಷಾಯವೂ ಕೊಲ್ಲುವುದಿಲ್ಲ. ಮೈ ತಾನೇ ಹೋರಾಡಿ ಗೆಲ್ಲುತ್ತದೆ. ಎರಡನೇ, ಮೂರನೇ ದಿನ ಕಾಟ ಜೋರು. ಆಮೇಲೆ ಸಿಂಬಳ ಗಟ್ಟಿಯಾಗಿ ಹಳದಿಗೆ ತಿರುಗುತ್ತದೆ. 7ರಿಂದ 10 ದಿನಕ್ಕೆ ಮೂಗು ಬಿಡುತ್ತದೆ. ಕೆಮ್ಮು ಮಾತ್ರ ಇನ್ನೊಂದು ವಾರ ಎಳೆಯಬಹುದು. ಸಿಂಬಳ ಹಳದಿಯಾಯಿತೆಂದು ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತಂದು ನುಂಗಬೇಡಿ. ಅದು ಬ್ಯಾಕ್ಟೀರಿಯಾದ ಮದ್ದು, ವೈರಸ್ ಮೇಲೆ ಅದರ ಆಟ ನಡೆಯುವುದಿಲ್ಲ. ಮನೆಮದ್ದಿನ ಕೆಲಸ ಈ ದಿನಗಳನ್ನು ಹಗುರ ಮಾಡುವುದು. ಇದನ್ನು ಒಪ್ಪಿಕೊಂಡವರು ಗಾಬರಿ ಬೀಳುವುದಿಲ್ಲ, ದುಡ್ಡನ್ನೂ ಕಳೆದುಕೊಳ್ಳುವುದಿಲ್ಲ.

2. ಎಳನೀರನ್ನು ದೂರ ಇಡಬೇಡಿ

ತೋಟದ ತುಂಬ ಎಳನೀರು ತೂಗುತ್ತಿದ್ದರೂ ಶೀತವಾದವರಿಗೆ ಒಂದು ಲೋಟ ಸಿಗುವುದಿಲ್ಲ. "ಅದು ಶೀತ ಕಣಮ್ಮ, ಎದೆ ಕಟ್ಕೊಳ್ತದೆ" ಎನ್ನುತ್ತಾರೆ ಅಜ್ಜಿಯರು. ಎಳನೀರಿನಿಂದ ನೆಗಡಿ ಬರುವುದಿಲ್ಲ, ಇರುವ ನೆಗಡಿ ಹೆಚ್ಚುವುದೂ ಇಲ್ಲ. ಜ್ವರ ಕಾದು ಬೆವರಿದ ಮೈಗೆ ಬೇಕಾದ ನೀರು, ಲವಣ, ಒಂದಿಷ್ಟು ಸಕ್ಕರೆ ಮೂರೂ ಅದರಲ್ಲಿವೆ. ಬಾಯಿ ರುಚಿ ಕೆಟ್ಟು ಊಟ ಬೇಡವೆನ್ನುವ ಮಗು ಎಳನೀರನ್ನು ಬೇಡ ಎನ್ನುವುದು ಕಡಿಮೆ. ಫ್ರಿಜ್‌ನಲ್ಲಿ ಇಡದೆ, ಕೆಡವಿದ ಹೊತ್ತಿಗೇ ಕೊಚ್ಚಿ ಕೊಡಿ. ಅಜ್ಜಿಯ ಮನಸ್ಸಿಗೆ ಒಪ್ಪದಿದ್ದರೆ ಬೆಳಗಿನ ಬಿಸಿಲೇರಿದ ಮೇಲೆ ಕೊಡಿ, ಜಗಳ ಬೇಡ. ಒಂದು ಎಚ್ಚರ: ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಕುಡಿಯಬಾರದು. ಆರು ತಿಂಗಳೊಳಗಿನ ಕೂಸಿಗೆ ಎದೆಹಾಲೊಂದೇ ಸಾಕು, ಶೀತವಾದಾಗ ಇನ್ನೂ ಹೆಚ್ಚು ಸಲ ಕುಡಿಸಬೇಕು.

3. ಕಷಾಯ ಅಳತೆಯಲ್ಲಿರಲಿ

ನಾನು ಎಲ್ಲರಿಗೂ ಹೇಳಿಕೊಡುವ ಪುಡಿ ಇದು: ನಾಲ್ಕು ಪಾಲು ಧನಿಯ, ಎರಡು ಪಾಲು ಜೀರಿಗೆ, ಒಂದು ಪಾಲು ಕಾಳುಮೆಣಸು, ಒಂದು ಪಾಲು ಒಣಶುಂಠಿ. ಬೇರೆ ಬೇರೆಯಾಗಿ ಘಮ್ಮೆನ್ನುವವರೆಗೆ ಹುರಿದು, ಆರಿಸಿ, ತರಿಯಾಗಿ ಕುಟ್ಟಿ ಗಾಜಿನ ಭರಣಿಯಲ್ಲಿ ತುಂಬಿಡಿ. ಒಬ್ಬರಿಗೆ ಒಂದೂವರೆ ಲೋಟ ನೀರು, ಒಂದು ಟೀ ಚಮಚ ಪುಡಿ. ಒಂದು ಲೋಟಕ್ಕೆ ಇಳಿದಾಗ ಸೋಸಿ ಒಂದು ಚೂರು ಬೆಲ್ಲ ಹಾಕಿ. ಹಿತ್ತಲಲ್ಲಿ ತುಳಸಿ ಇದ್ದರೆ ನಾಲ್ಕೈದು ಎಲೆ ಬೀಳಲಿ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಬೇಡ. ಸೋಸಿ ಉಳಿದ ಚರಟ ಗಿಡದ ಬುಡಕ್ಕೆ ಹೋಗಲಿ.

ಖಾರ ಹೆಚ್ಚಾದಷ್ಟು ಗುಣ ಹೆಚ್ಚು ಎಂಬುದು ಸುಳ್ಳು. ಹೊತ್ತು ಹೊತ್ತಿಗೂ ಮೆಣಸಿನ ಕಷಾಯ ಕುಡಿದು ಹೊಟ್ಟೆ ಉರಿ ತಂದುಕೊಂಡವರನ್ನು ಕೊರೊನಾ ಕಾಲದಲ್ಲಿ ಬೇಕಾದಷ್ಟು ಕಂಡೆ. ಅದೇ ಕಾಲದಲ್ಲಿ ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿದವರಲ್ಲಿ ಕೆಲವರಿಗೆ ಲಿವರ್ ಊದಿಕೊಂಡದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಬಳ್ಳಿ ಬೇಲಿಯಲ್ಲೇ ಹಬ್ಬಿದೆ ಎಂದು ದಿನಾ ಕುಡಿಯುವುದು ಸರಿಯಲ್ಲ.

4. ಕೆಮ್ಮಿಗೆ ಮೊದಲು ಜೇನು, ಆದರೆ ವರ್ಷ ತುಂಬಿದ ಮೇಲೆ

ರಾತ್ರಿ ಕೆಮ್ಮಿ ಕೆಮ್ಮಿ ಏಳುವ ಮಗುವಿಗೆ ಮಲಗುವ ಮುಂಚೆ ಜೇನು ನೆಕ್ಕಿಸಿ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಳಸಿದ ಅಳತೆಯನ್ನೇ ನಾನೂ ಹೇಳುತ್ತೇನೆ: 2ರಿಂದ 5 ವರ್ಷದವರಿಗೆ ಅರ್ಧ ಟೀ ಚಮಚ, 6ರಿಂದ 11ರವರಿಗೆ ಒಂದು, ಅದಕ್ಕಿಂತ ದೊಡ್ಡವರಿಗೆ ಎರಡು. ದೊಡ್ಡಪತ್ರೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ ಹಿಂಡಿದ ನಾಲ್ಕು ಹನಿ ರಸ ಬೆರೆಸಿದರೆ ದೊಡ್ಡ ಮಕ್ಕಳಿಗೆ ಗಂಟಲು ಹಿತವಾಗುತ್ತದೆ. ಒಂದು ವರ್ಷದೊಳಗಿನ ಕೂಸಿನ ನಾಲಿಗೆಗೆ ಮಾತ್ರ ಜೇನು ಸೋಕಿಸಬೇಡಿ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಗರುಳಿನಲ್ಲಿ ವಿಷ ಹುಟ್ಟಿಸಿ ಮೈ ಸೋಲಿಸುತ್ತದೆ.

ಸಿರಪ್ ವಿಷಯಕ್ಕೆ ಬಂದರೆ, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಕೆಮ್ಮಿನ ಸಿರಪ್ ಕುಡಿದು ಪುಟ್ಟ ಮಕ್ಕಳು ಸತ್ತದ್ದು ನೆನಪಿರಲಿ. ಆ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಮತ್ತೆ ಹೇಳಿತು: 2 ವರ್ಷದೊಳಗಿನವರಿಗೆ ಕೆಮ್ಮು, ಶೀತದ ಸಿರಪ್ ಕೊಡಬಾರದು, 5 ವರ್ಷದೊಳಗೂ ಸಾಮಾನ್ಯವಾಗಿ ಬೇಡ. ಅಣ್ಣನಿಗೆ ಬರೆದುಕೊಟ್ಟದ್ದು ಉಳಿದಿದೆ ಎಂದು ತಮ್ಮನಿಗೆ ಕುಡಿಸುವುದಂತೂ ಎಂದೂ ಬೇಡ.

5. ಉಪ್ಪುನೀರಿಗೆ ಖರ್ಚಿಲ್ಲ, ಕಸವಿಲ್ಲ

ಗಂಟಲು ನೋವಿಗೆ ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಬೇಕು. ಕಟ್ಟಿದ ಮೂಗಿಗೆ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಮಟ್ಟ ಮಾಡಿದ ಮುಕ್ಕಾಲು ಟೀ ಚಮಚ ಉಪ್ಪು. ಮೂಗಿನ ಹೊಳ್ಳೆಗೆ ಎರಡೆರಡು ಹನಿ ಬಿಟ್ಟು ಸಿಂಬಳ ಮೆತ್ತಗಾದ ಮೇಲೆ ಒರೆಸಿ. ದಿನಾ ಹೊಸದಾಗಿ ಮಾಡಿಕೊಳ್ಳಿ. ಹಸುಗೂಸಿಗೆ ಆಸ್ಪತ್ರೆಯಿಂದ ಸಲೈನ್ ಹನಿ ತಂದರೆ ಅಳತೆಯ ಚಿಂತೆ ಇಲ್ಲ.

6. ಕೊಬ್ಬರಿ ಎಣ್ಣೆಯ ಜಾಗ ಮೂಗಿನ ಹೊರಗೆ

ಈ ಪಾಠವನ್ನು ನಮ್ಮ ಸೀಮೆಯ ಪ್ರತಿ ಬಾಣಂತಿ ಮನೆಯಲ್ಲೂ ಹೇಳಬೇಕು. ಗಾಣದಿಂದ ತಂದ ಕೊಬ್ಬರಿ ಎಣ್ಣೆ ಎಲ್ಲರ ಮನೆಯಲ್ಲೂ ಇರುತ್ತದೆ. ಎಣ್ಣೆ ನೀರು ಹಾಕುವಾಗ ಕೂಸಿನ ತಲೆ ಹಿಂದಕ್ಕೆ ಬಗ್ಗಿಸಿ ಮೂಗಿಗೆ ಎರಡು ತೊಟ್ಟು ಬಿಡುವ ರೂಢಿ ಇದೆ. ನೀರು ದಾರಿ ತಪ್ಪಿದರೆ ಮಗು ಕೆಮ್ಮಿ ಹೊರಹಾಕುತ್ತದೆ. ಎಣ್ಣೆ ಕೆಮ್ಮನ್ನು ಎಬ್ಬಿಸದೆ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದುಬಿಡಬಹುದು. ಅಲ್ಲಿ ಕೂತು ಅದು ತರುವ ನ್ಯುಮೋನಿಯಾ ಬೇಗ ವಾಸಿಯಾಗುವಂಥದ್ದಲ್ಲ, ವೈದ್ಯರು ಅದನ್ನು ಲಿಪಾಯ್ಡ್ ನ್ಯುಮೋನಿಯಾ ಎನ್ನುತ್ತಾರೆ.

ಎರಡನೆಯದು ಕರ್ಪೂರ. ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಎದೆ, ಬೆನ್ನಿಗೆ ತಿಕ್ಕುವುದು ದೊಡ್ಡವರಿಗೆ ಹಿತ. 2 ವರ್ಷದೊಳಗಿನ ಮಕ್ಕಳಿಗೆ ಅದು ಅಪಾಯ. ಕರ್ಪೂರ ಚರ್ಮದಿಂದಲೂ ಮೈಗೆ ಇಳಿಯುತ್ತದೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಫಿಟ್ಸ್ ಬರಿಸುತ್ತದೆ. ಕರ್ಪೂರ ಸೇರಿದ ಮುಲಾಮಿಗೂ ಇದೇ ಮಾತು. ನೀಲಗಿರಿ ಎಣ್ಣೆಯ ಶೀಸೆಯನ್ನು ಮಕ್ಕಳ ಕೈಗೆ ಎಟುಕದ ಕಡೆ ಇಡಿ.

ಹಾಗಾದರೆ ಎಣ್ಣೆ ಯಾವುದಕ್ಕೆ? ಒರೆಸಿ ಒರೆಸಿ ಕೆಂಪಾಗಿ ಸುಲಿದ ಮೂಗಿನ ತುದಿಗೆ, ಒಡೆದ ತುಟಿಗೆ ಬೆರಳಿನಲ್ಲಿ ತೆಳ್ಳಗೆ ಸವರಿ. ವೀಳ್ಯದೆಲೆಗೆ ಎಣ್ಣೆ ಸವರಿ ಬೆಚ್ಚಗೆ ಮಾಡಿ ಎದೆಯ ಮೇಲೆ ಇಡುವ ರೂಢಿ ಇದ್ದರೆ ಇಡಿ, ಮೊದಲು ನಿಮ್ಮ ಮುಂಗೈಗೆ ತಾಗಿಸಿ ನೋಡಿ.

7. ಆವಿಗೆ ಎಚ್ಚರ, ಹೊಗೆಗೆ ನಿಷೇಧ

ದೊಡ್ಡವರು ಆವಿ ತೆಗೆದುಕೊಂಡರೆ ಸ್ವಲ್ಪ ಹೊತ್ತು ಉಸಿರು ಸರಾಗ ಎನಿಸುತ್ತದೆ, ಅಷ್ಟೇ ಅದರ ಗುಣ. ಮಕ್ಕಳನ್ನು ಕುದಿನೀರಿನ ಪಾತ್ರೆಯ ಮುಂದೆ ಕಂಬಳಿ ಹೊದಿಸಿ ಕೂರಿಸಬೇಡಿ. ಪಾತ್ರೆ ಮಗುಚಿ ತೊಡೆ ಬೆಂದ ಮಕ್ಕಳ ಸಂಕಟದ ಮುಂದೆ ನೆಗಡಿ ಏನೇನೂ ಅಲ್ಲ. ಬಿಸಿನೀರು ತುಂಬಿ ಹಬೆಯಾಡುವ ಬಚ್ಚಲುಮನೆಯಲ್ಲಿ ಮಗುವನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ಕೂತರೆ ಸಾಕು.

ನಮ್ಮ ಹಂಡೆ ಒಲೆಗೆ ಸಿಪ್ಪೆ, ಗರಿಯೇ ಸೌದೆ. ಹಸಿ ಸಿಪ್ಪೆಯ ಹೊಗೆ ಕಣ್ಣಿಗೆ ಗೊತ್ತಾಗುವಂತೆ ಶ್ವಾಸನಾಳಕ್ಕೂ ಗೊತ್ತಾಗುತ್ತದೆ. ಚೆನ್ನಾಗಿ ಒಣಗಿದ್ದನ್ನು ಮಾತ್ರ ಉರಿಸಿ, ಮಗು ಮಲಗುವ ಕೋಣೆಯತ್ತ ಹೊಗೆ ತಿರುಗದಂತೆ ನೋಡಿ. ತಲೆ ಒಣಗಲಿ ಎಂದು ಸಾಂಬ್ರಾಣಿ ಹೊಗೆ ಹಾಕುವುದನ್ನು ಶೀತದ ದಿನಗಳಲ್ಲಂತೂ ಬಿಡಿ. ಬಟ್ಟೆಯಲ್ಲಿ ಒರೆಸಿ, ಬಿಸಿಲಲ್ಲಿ ಆರಿಸಿ.

8. ಹುರುಳಿ ಬಸ್ಸಾರು

ಶೀತದ ಮನೆಗೆ ಇದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ. ನಮ್ಮ ಹೊಲದ್ದೇ ಹುರುಳಿ. ಕಲ್ಲು ಆರಿಸಿ, ರಾತ್ರಿ ನೆನೆಸಿ, ಬೆಳಗ್ಗೆ ಧಾರಾಳ ನೀರಿಟ್ಟು ಬೇಯಿಸಿ. ಕಾಳು ಬೆರಳಲ್ಲಿ ಅಮುಕಿದರೆ ನುಣ್ಣಗಾಗಬೇಕು. ಕೆಂಪು ಕಟ್ಟನ್ನು ಬಸಿದುಕೊಳ್ಳಿ. ಬೆಳ್ಳುಳ್ಳಿ, ಕಾಳುಮೆಣಸು, ಜೀರಿಗೆ, ಸುಟ್ಟ ಈರುಳ್ಳಿ, ಒಂದು ಹಿಡಿ ಕಾಯಿತುರಿ, ಒಂದು ಮುಷ್ಟಿ ಬೆಂದ ಕಾಳು ಸೇರಿಸಿ ರುಬ್ಬಿ, ಹುಣಸೆಹುಳಿ ಬಿಟ್ಟು ಕಟ್ಟಿನ ಜೊತೆ ಕುದಿಸಿ. ಉಳಿದ ಕಾಳಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆಯ ಕಾಳಿನಿಂದ ಸಾರೂ ಆಯಿತು, ಪಲ್ಯವೂ ಆಯಿತು, ಚೆಲ್ಲುವ ನೀರೇ ಇಲ್ಲ. ಬಿಸಿ ಮುದ್ದೆಯೊಂದಿಗೆ ಬಡಿಸಿದರೆ ಕಟ್ಟಿದ ಮೂಗು ಊಟದ ನಡುವೆಯೇ ಇಳಿಯುತ್ತದೆ. ನುಂಗಲಾರದವರಿಗೆ ರಾಗಿ ಗಂಜಿ ಇದೆ. ಕಾಯಿ ತಿಂದರೆ ಕೆಮ್ಮು ಹೆಚ್ಚುತ್ತದೆಂದು ಮಕ್ಕಳ ಅನ್ನದಿಂದ ಕಾಯಿತುರಿ ತೆಗೆಯಬೇಡಿ. ಊಟ ಸೇರದ ದಿನಗಳಲ್ಲಿ ಆ ಜಿಡ್ಡೇ ಬಲ.

9. ಹಳೇ ಪಂಚೆಗೆ ಕೆಲಸ ಕೊಡಿ

ತೊಳೆದು ತೊಳೆದು ಮೆತ್ತಗಾದ ಹತ್ತಿ ಪಂಚೆ, ಸೀರೆಯನ್ನು ಅಂಗೈಯಗಲ ಚೌಕ ಕತ್ತರಿಸಿ ಅಂಚು ಹೊಲಿದಿಡಿ. ಒಬ್ಬೊಬ್ಬರಿಗೂ ಬೇರೆ. ಮೂಗು ಒರೆಸಿದ್ದನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿ, ಸಂಜೆ ಬಿಸಿನೀರು, ಸೋಪಿನಲ್ಲಿ ಒಗೆದು ಮಾರನೆಯ ದಿನ ಸುಡುಬಿಸಿಲಿಗೆ ಹರವಿ. ಶೀತ ಹರಡುವುದು ಸೀನಿನಿಂದ ಮಾತ್ರವಲ್ಲ, ಕೈಯಿಂದಲೂ ಹರಡುತ್ತದೆ. ಮೂಗು ಮುಟ್ಟಿದ ಕೈಯನ್ನು 20 ಸೆಕೆಂಡು ಸೋಪು ಹಚ್ಚಿ ತೊಳೆಯುವುದು ಎಲ್ಲ ಕಷಾಯಕ್ಕಿಂತ ಮೇಲು. ಅವಧಿ ಮುಗಿದ ಸಿರಪ್, ಮಾತ್ರೆಯನ್ನು ತೋಟದ ಗುಂಡಿಗೆ, ಬಾವಿಯ ಪಕ್ಕಕ್ಕೆ ಎಸೆಯಬೇಡಿ.

10. ಅಟ್ಟದ ದೂಳು ನೆಗಡಿಯಲ್ಲ

ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದ ಕಾಯಿ ಹತ್ತಿರ ಹತ್ತಿರ ವರ್ಷ ಅಲ್ಲೇ ಒಣಗುತ್ತದೆ. ತಿರುಳು ಚಿಪ್ಪು ಬಿಟ್ಟು ಒಳಗೆ ಗುಳುಗುಳು ಎಂದಾಗ ಇಳಿಸಿ, ಸುಲಿದು, ಗಿಟುಕು ತೆಗೆದು ತಿಪಟೂರು ಮಾರುಕಟ್ಟೆಗೆ ಸಾಗಿಸುತ್ತೇವೆ. ಕಾಯಿ ಇಳಿಸಿದ ಮನೆಯಲ್ಲಿ ಸಾಲು ಸಾಲು ಸೀನು ಏಳುತ್ತದೆ. ಜ್ವರವಿಲ್ಲ, ಕಣ್ಣು ಮೂಗು ಕೆರೆತ, ತಿಳಿನೀರಿನಂಥ ಸಿಂಬಳ, ವಾರ ಕಳೆದರೂ ಅದೇ ಕಥೆ ಎಂದರೆ ಅದು ಅಲರ್ಜಿ. ಇದಕ್ಕೆ ಕಷಾಯ ದಾರಿಯಲ್ಲ. ಕೆಲಸ ಮಾಡುವವರು ಒದ್ದೆ ಟವೆಲ್ ಅಥವಾ ಮಾಸ್ಕ್ ಕಟ್ಟಿಕೊಳ್ಳಲಿ, ಉಬ್ಬಸ ಇರುವವರು ಆ ದಿನ ಮನೆಯಿಂದ ದೂರ ಇರಲಿ. ನಾರಿನ ಕಾರ್ಖಾನೆ, ಚಿಪ್ಪಿನ ಇದ್ದಿಲು ಸುಡುವ ಕಡೆ ದುಡಿಯುವವರು ಉಸಿರು ಕಟ್ಟಿದರೆ ಡಾಕ್ಟರಿಗೆ ತಮ್ಮ ಕೆಲಸ ಏನೆಂಬುದನ್ನು ಮೊದಲು ಹೇಳಬೇಕು.

11. ಉಸಿರು ಎಣಿಸಲು ಕಲಿಯಿರಿ

ಮಗು ಅಳದೆ ಇರುವಾಗ ಅಂಗಿ ಎತ್ತಿ, ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, 2 ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದವರಿಗೆ 40 ಅಥವಾ ಹೆಚ್ಚು ಇದ್ದರೆ ಅದು ನ್ಯುಮೋನಿಯಾದ ಗುರುತು. ಉಸಿರೆಳೆದಾಗ ಪಕ್ಕೆ ಒಳಸೇರುವುದು, ಹಾಲು ನೀರು ಕುಡಿಯದಿರುವುದು, ಎಬ್ಬಿಸಿದರೂ ಏಳದ ಮಂಪರು, ತುಟಿ ನೀಲಿಯಾಗುವುದು, ಫಿಟ್ಸ್, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. 2 ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಸಾಕು, ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ದೊಡ್ಡವರಲ್ಲಿ ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕಫ ಪರೀಕ್ಷೆ ಮಾಡುತ್ತಾರೆ. ಕ್ಷಯ ಮೊದಲೇ ಸಿಕ್ಕರೆ ಪೂರ್ತಿ ವಾಸಿಯಾಗುತ್ತದೆ.

ಹಿತ್ತಲ ಮದ್ದಿನ ಮೇಲೆ ನನಗೆ ಪ್ರೀತಿ ಇದೆ, ಅದರ ಮಿತಿಯ ಮೇಲೂ ಅಷ್ಟೇ ಗೌರವ ಇದೆ. ಮಿತಿ ಗೊತ್ತಿರುವ ಮನೆಯಲ್ಲಿ ಮದ್ದು ಯಾರಿಗೂ ಕೇಡು ಮಾಡುವುದಿಲ್ಲ. ಆದ್ದರಿಂದ ಕಷಾಯದ ಪುಡಿ ಕುಟ್ಟಲು ಮಗಳಿಗೆ, ಸೊಸೆಗೆ ಕಲಿಸುವ ದಿನವೇ ಮಗುವಿನ ಉಸಿರು ಎಣಿಸುವುದನ್ನೂ ಕಲಿಸಿ. ಮಗ, ಅಳಿಯನಿಗೂ ಕಲಿಸಿ.