ಕೂಸಿನ ತುತ್ತು: ನುಣ್ಣನೆಯ ಸರಿಯಿಂದ ಮನೆಯೂಟದವರೆಗೆ

ಭದ್ರಾ ನಾಲೆಯ ಬಯಲಿನಲ್ಲಿ ಭತ್ತ ಬೆಳೆಯುವ ದಾವಣಗೆರೆ, ಹರಿಹರ ತಾಲ್ಲೂಕುಗಳ ರೈತರಿಗೆ ಸಸಿಮಡಿಯ ಲೆಕ್ಕವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 21ರಿಂದ 25 ದಿನಗಳ ಸಸಿಯನ್ನು ಕಿತ್ತು ನಾಟಿ ಮಾಡಿದರೆ ತೆಂಡೆ ಚೆನ್ನಾಗಿ ಒಡೆಯುತ್ತದೆ. ನಾಲೆ ನೀರು ತಡವಾಯಿತೆಂದೋ ಆಳು ಸಿಗಲಿಲ್ಲವೆಂದೋ ಸಸಿಯನ್ನು ಮಡಿಯಲ್ಲೇ ಬಲಿಯಲು ಬಿಟ್ಟರೆ, ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ತೆಂಡೆ ಕಡಿಮೆಯೇ. ಕೂಸಿನ ಊಟಕ್ಕೂ ಇಂಥದೇ ಒಂದು ಹದದ ಕಾಲವಿದೆ. ಆರು ತಿಂಗಳು ತುಂಬಿದ ಮೇಲೆ ನುಣ್ಣನೆಯ ಸರಿಯಿಂದ ಆರಂಭಿಸಿ, ವರ್ಷ ತುಂಬುವುದರೊಳಗೆ ಮನೆಮಂದಿ ಉಣ್ಣುವ ಅನ್ನ, ರೊಟ್ಟಿ, ಪಲ್ಯಕ್ಕೆ ಅದನ್ನು ತಂದು ನಿಲ್ಲಿಸಬೇಕು. ಈ ಆರು ತಿಂಗಳಲ್ಲಿ ಆಹಾರದ ನುಣುಪು ಹಂತಹಂತವಾಗಿ ಕಡಿಮೆಯಾಗುತ್ತಾ ಬರಬೇಕು.

ಬಹಳಷ್ಟು ಮನೆಗಳಲ್ಲಿ ಈ ಕೆಲಸ ಆರಂಭವಾಗುತ್ತದೆ, ಆದರೆ ಮುಂದುವರಿಯುವುದಿಲ್ಲ. ದಾವಣಗೆರೆ ಪೇಟೆಯ ಮನೆಯಾಗಲಿ, ಹರಿಹರದ ಹೊಳೆಯಂಚಿನ ಹಳ್ಳಿಯ ಮನೆಯಾಗಲಿ, ಈಗ ಮಿಕ್ಸಿ ಇಲ್ಲದ ಅಡುಗೆಮನೆ ಅಪರೂಪ. ಅನ್ನ, ಬೇಳೆ, ತರಕಾರಿ ಎಲ್ಲವನ್ನೂ ಮಿಕ್ಸಿಗೆ ಹಾಕಿ ತಿರುಗಿಸಿ ಕುಡಿಸಿಬಿಡುವುದು ಸುಲಭ. ಕೂಸು ತಕರಾರಿಲ್ಲದೆ ನುಂಗುತ್ತದೆ, ಹೊಟ್ಟೆಯೂ ತುಂಬುತ್ತದೆ. ಹೀಗೆ ಒಂದೂವರೆ ವರ್ಷ ಕಳೆದ ಮೇಲೆ ಒಂದು ದಿನ ಅನ್ನ ಕಲಸಿ ಕೊಟ್ಟರೆ, ಒಂದು ಅಗುಳು ನಾಲಿಗೆಗೆ ತಗುಲಿದ್ದೇ ಓಕರಿಸಿ ಉಗುಳುತ್ತದೆ. ಆಗ ತಾಯಿ ಹೆದರಿ ಮತ್ತೆ ಮಿಕ್ಸಿಗೇ ಹೋಗುತ್ತಾಳೆ, ಇಲ್ಲವೇ ಹಾಲು, ಬಿಸ್ಕತ್ತಿನಲ್ಲಿ ದಿನ ದೂಡುತ್ತಾಳೆ. ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ, ಬಿಸ್ಕತ್ತಿನಲ್ಲಿ ಮೈದಾ ಮತ್ತು ಸಕ್ಕರೆ ಬಿಟ್ಟರೆ ಹೇಳಿಕೊಳ್ಳುವಂಥದ್ದೇನಿಲ್ಲ. ನೋಡಲು ಗುಂಡಗಿರುವ ಕೂಸೂ ಒಳಗೆ ರಕ್ತಹೀನವಾಗಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಪ್ರತಿ 100 ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇದೆ. ಇದಕ್ಕೆ ಕಾರಣಗಳು ಹಲವು. ಅಗಿಯುವ ಊಟಕ್ಕೆ ಬಾರದ ಕೂಸಿಗೆ ಸೊಪ್ಪು, ಕಾಳು, ಮೊಟ್ಟೆ ಸರಿಯಾಗಿ ಸೇರುವುದಿಲ್ಲವೆಂಬುದೂ ಅವುಗಳಲ್ಲಿ ಒಂದು.

ಹಲ್ಲು ಬರುವವರೆಗೆ ಕಾಯಬೇಕೆ?

"ಹಲ್ಲೇ ಬಂದಿಲ್ಲ, ಕೂಸು ಹೆಂಗ ತಿಂತೈತಿ?" ಎಂದು ಅಜ್ಜಿಯರು ಕೇಳುವುದುಂಟು. ಪ್ರಶ್ನೆ ಸಹಜವಾದದ್ದೇ. ಆದರೆ ಮೊದಲು ಬರುವ ಮುಂಬಲ್ಲುಗಳು ಕಚ್ಚುವ ಹಲ್ಲುಗಳು, ಅಗಿಯುವವಲ್ಲ. ಅಗಿಯುವ ದವಡೆ ಹಲ್ಲುಗಳು ಬರುವುದು ವರ್ಷ ತುಂಬಿದ ಮೇಲೆ, ಸಾಮಾನ್ಯವಾಗಿ 13ರಿಂದ 19 ತಿಂಗಳ ನಡುವೆ. ಅಲ್ಲಿಯವರೆಗೆ ಕಾದರೆ ಕಾಲ ಮೀರಿರುತ್ತದೆ. ಮೆತ್ತಗೆ ಬೆಂದ ಅನ್ನ, ಗೆಣಸು, ಕುಂಬಳಕಾಯಿಗಳನ್ನು ಮಸೆಯಲು ಕೂಸಿನ ವಸಡೇ ಸಾಕು. ನಂಬಿಕೆಯಿಲ್ಲದವರು ಎಂಟು ತಿಂಗಳ ಕೂಸಿನ ಬಾಯಲ್ಲಿ ಬೆರಳಿಟ್ಟು ನೋಡಬಹುದು!

ಅಗಿಯುವುದು ಹುಟ್ಟಿನಿಂದ ಬರುವ ವಿದ್ಯೆಯಲ್ಲ. ಮೊದಲ ತಿಂಗಳುಗಳಲ್ಲಿ ಬಾಯಿಗೆ ಏನಿಟ್ಟರೂ ನಾಲಿಗೆ ಹೊರಕ್ಕೆ ತಳ್ಳುತ್ತದೆ. ಆರು ತಿಂಗಳ ಹೊತ್ತಿಗೆ ಈ ತಳ್ಳುವಿಕೆ ಕಡಿಮೆಯಾಗಿ, ಕೂಸು ಕತ್ತು ನಿಲ್ಲಿಸಿ ಕೂರಲು ಕಲಿಯುತ್ತದೆ. ಮುಂದಿನ ಎರಡು ಮೂರು ತಿಂಗಳಲ್ಲಿ ನಾಲಿಗೆಯು ತುತ್ತನ್ನು ಪಕ್ಕಕ್ಕೆ, ವಸಡಿನ ಮೇಲಕ್ಕೆ ದೂಡುವುದನ್ನು ಕಲಿಯಬೇಕು. ಬಾಯಲ್ಲಿ ದೂಡಲು ಏನಾದರೂ ಇದ್ದರೆ ತಾನೆ ಕಲಿಯುವುದು? ನೀರಿನಂತಹ ಸರಿಯನ್ನು ನುಂಗಲು ಈ ವಿದ್ಯೆ ಬೇಕಾಗುವುದೇ ಇಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1990ರ ದಶಕದ ಆರಂಭದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನವಿದೆ. ಗಂಟುಗಂಟಾದ ಆಹಾರವನ್ನು ಹತ್ತು ತಿಂಗಳಾದ ಮೇಲಷ್ಟೇ ಆರಂಭಿಸಿದ ಮಕ್ಕಳು ಒಂದೂಕಾಲು ವರ್ಷದ ಹೊತ್ತಿಗೆ ಊಟದಲ್ಲಿ ಹೆಚ್ಚು ರಗಳೆ ಮಾಡುತ್ತಿದ್ದುದು ಅದರಲ್ಲಿ ಕಂಡುಬಂತು. ಏಳು ವರ್ಷವಾದಾಗ ನೋಡಿದರೂ ತಡವಾಗಿ ಆರಂಭಿಸಿದವರು ತರಕಾರಿ, ಹಣ್ಣು ತಿನ್ನುವುದು ಕಡಿಮೆಯಿತ್ತು. ದೇಶ ಬೇರೆ, ಅಡುಗೆ ಬೇರೆ. ಆದರೆ ಕೂಸಿನ ನಾಲಿಗೆ ಎಲ್ಲೆಡೆಯೂ ಒಂದೇ.

ಮಿಕ್ಸಿಯಿಂದ ಕಡಗೋಲಿಗೆ, ಕಡಗೋಲಿನಿಂದ ಕೈಗೆ

ಆರು ತಿಂಗಳು ತುಂಬಿದಾಗ ದಿನಕ್ಕೆ ಎರಡು ಬಾರಿ, ಎರಡು ಮೂರು ಚಮಚ ನುಣ್ಣನೆಯ ಸರಿಯಿಂದ ಆರಂಭಿಸಬೇಕು. ಎದೆಹಾಲು ಎಂದಿನಂತೆಯೇ ಇರಲಿ, ಎರಡು ವರ್ಷದವರೆಗೂ ಅದಕ್ಕಿಂತ ಮಿಗಿಲಾದುದಿಲ್ಲ. ನುಣ್ಣಗೆ ಎಂದರೆ ನೀರಾಗಿ ಎಂದಲ್ಲ. ಚಮಚವನ್ನು ಓರೆ ಮಾಡಿದರೆ ಸರಿ ತಟ್ಟನೆ ಸುರಿದುಹೋಗದೆ ನಿಧಾನವಾಗಿ ಜಾರಬೇಕು. ಕೂಸಿನ ಹೊಟ್ಟೆ ಚಿಕ್ಕದು. ಅದನ್ನು ತಿಳಿನೀರಿನಿಂದ ತುಂಬಿಸಿದರೆ ಶಕ್ತಿ ಎಲ್ಲಿಂದ ಬರಬೇಕು?

ಮಿಕ್ಸಿಯ ಕೆಲಸ ಮೊದಲ ಎರಡು ಮೂರು ವಾರಕ್ಕೆ ಮಾತ್ರ. ಆಮೇಲೆ ನಮ್ಮ ಹಳೆಯ ಕಡಗೋಲನ್ನು ಕೈಗೆತ್ತಿಕೊಳ್ಳಬೇಕು. ಮಸೊಪ್ಪು ಮಸೆಯುವ ಅದೇ ಕಡಗೋಲಿನಿಂದ ಮೆತ್ತಗೆ ಬೇಯಿಸಿದ ಅಕ್ಕಿ, ಹೆಸರುಬೇಳೆಯ ಹುಗ್ಗಿಯನ್ನು ನಾಲ್ಕು ಸಲ ತಿರುವಿದರೆ ಪೂರ್ತಿ ನುಣ್ಣಗಾಗದೆ ಸಣ್ಣ ಸಣ್ಣ ಮೆತ್ತನೆಯ ಕಣಗಳು ಉಳಿಯುತ್ತವೆ. ನಮಗೆ ಬೇಕಾದುದೂ ಅದೇ. ಮಿಕ್ಸಿ ಏನನ್ನೂ ಉಳಿಸುವುದಿಲ್ಲ, ಕಡಗೋಲು ಎಷ್ಟು ಬೇಕೋ ಅಷ್ಟು ಉಳಿಸುತ್ತದೆ. ಈ ವಿಷಯದಲ್ಲಿ ಹಳೆಯ ಸಲಕರಣೆಯೇ ಮೇಲು ಎನ್ನಲು ಸಂಕೋಚಪಡಬೇಕಾಗಿಲ್ಲ. ಏಳನೇ ತಿಂಗಳು ತುಂಬುವ ಹೊತ್ತಿಗೆ ಕಡಗೋಲನ್ನೂ ಬದಿಗಿಟ್ಟು, ತೊಳೆದ ಕೈಯಿಂದ ಅಥವಾ ಚಮಚದ ಹಿಂಬದಿಯಿಂದ ಕಿವುಚಿದರೆ ಸಾಕು.

ಎಂಟು ತಿಂಗಳಿಗೆ ಕೂಸಿನ ಕೈಗೇ ತಿನಿಸು ಕೊಡಬೇಕು. ಬೆಂದ ಗೆಣಸು, ಕ್ಯಾರೆಟ್, ಕುಂಬಳಕಾಯಿಯ ಬೆರಳುದ್ದದ ತುಂಡು, ಮಾಗಿದ ಬಾಳೆಹಣ್ಣು, ಇಡ್ಲಿ ಇವೆಲ್ಲ ಆಗಬಹುದು. ಬೆಣ್ಣೆದೋಸೆಯ ಊರಿನವರಿಗೆ ಇನ್ನೂ ಒಂದು ಅನುಕೂಲವಿದೆ: ಮನೆಯಲ್ಲಿ ದೋಸೆ ಹುಯ್ದಾಗ ಗರಿಗರಿ ಅಂಚನ್ನು ನೀವು ತಿಂದು ನಡುವಿನ ಮೆತ್ತನೆಯ ಭಾಗವನ್ನು ಕೂಸಿಗೆ ಕೊಡಿ, ಚಟ್ನಿ ಬೇಡ. ತುಂಡು ಕೊಡಬಹುದೇ ಬಾರದೇ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಹೆಬ್ಬೆರಳು, ತೋರುಬೆರಳ ನಡುವೆ ಮೆಲ್ಲಗೆ ಒತ್ತಿದರೆ ಅದು ಮಸೆದುಹೋಗಬೇಕು. ಹೋಗದಿದ್ದರೆ ಇನ್ನೂ ಬೇಯಬೇಕು.

ಒಂಬತ್ತು ತಿಂಗಳಿಂದ ಜೋಳದ ರೊಟ್ಟಿಯ ಮೆತ್ತನೆಯ ಪದರವನ್ನು ಬೇಳೆಕಟ್ಟಿನಲ್ಲಿ ನೆನೆಸಿ ಕಿವುಚಿ ಕೊಡಬಹುದು. ಖಡಕ್ ರೊಟ್ಟಿ ಬೇಡ. ಬೇಯಿಸಿದ ಮೊಟ್ಟೆ, ಸಣ್ಣಗೆ ಹೆಚ್ಚಿ ಬೇಯಿಸಿದ ಸೊಪ್ಪು, ತಿನ್ನುವವರಾದರೆ ಮೆತ್ತಗೆ ಬೆಂದ ಮಾಂಸದ ಎಳೆಗಳು ಕೂಡ ಸೇರಲಿ. ಮೊಟ್ಟೆ, ಮಾಂಸವನ್ನು ಬೇಗನೆ ಕೊಡಬಾರದೆಂಬ ಹಳೆಯ ಮಾತನ್ನು ಈಗಿನ ವೈದ್ಯರು ಒಪ್ಪುವುದಿಲ್ಲ, ಆರು ತಿಂಗಳ ನಂತರ ಮಸೆದು ಕೊಡಬಹುದು. ಸೊಪ್ಪು, ಬೇಳೆಯ ಊಟಕ್ಕೆ ಎರಡು ಹನಿ ನಿಂಬೆರಸ ಹಿಂಡಿದರೆ ಅವುಗಳ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಒಂದು ಚಮಚ ತುಪ್ಪ ಅಥವಾ ಬೆಣ್ಣೆ ಇರಲಿ. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ ಬೇಡ. ಜೇನುತುಪ್ಪವನ್ನಂತೂ ನಾಲಿಗೆಗೆ ಸವರಲೂಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಎಳೆಗೂಸಿಗೆ ಅಪಾಯಕಾರಿ.

ಇಲ್ಲಿ ಮುದ್ದೆಯ ಬಗ್ಗೆ ಒಂದು ಮಾತು. ರಾಗಿ ಮುದ್ದೆಯ ಸತ್ವದ ಬಗ್ಗೆ ಎರಡು ಮಾತಿಲ್ಲ. ಆದರೆ ಮುದ್ದೆಯನ್ನು ದೊಡ್ಡವರೇ ಅಗಿಯುವುದಿಲ್ಲ, ನುಂಗುತ್ತಾರೆ! ಕೂಸಿಗೆ ಅಗಿಯಲು ಕಲಿಸುವ ಆಹಾರ ಅದಲ್ಲ. ಕಡಲೆಕಾಳಿಗಿಂತ ಚಿಕ್ಕ ಚೂರುಗಳನ್ನು ಬೇಳೆಕಟ್ಟಿನಲ್ಲಿ ಅದ್ದಿ ಕೊಡಿ, ಆದರೆ ದಿನದ ಇನ್ನೊಂದು ಹೊತ್ತಿನಲ್ಲಿ ಅನ್ನವೋ ರೊಟ್ಟಿಯೋ ಇರಲೇಬೇಕು. ಹಾಗೆಯೇ ತಿಳಿಸಾರಿನಲ್ಲಿ ತೇಲುವ ಅನ್ನದ ಅಗುಳು ಆರಂಭಕ್ಕೆ ತಕ್ಕದ್ದಲ್ಲ. ನೀರು ಒಂದು ಕಡೆ, ಅಗುಳು ಒಂದು ಕಡೆ ಆಗಿ ಕೂಸಿಗೆ ಅದನ್ನು ಸಂಭಾಳಿಸಲು ಬರುವುದಿಲ್ಲ. ಅನ್ನವನ್ನು ಬೇಳೆಯೊಂದಿಗೆ ಗಟ್ಟಿಯಾಗಿ ಕಲಸಿಯೇ ಕೊಡಬೇಕು.

ಕೂಸನ್ನು ಚಾಚಿದ ಕಾಲ ಮೇಲೆ ಮಲಗಿಸಿ ಒಳಲೆಯಿಂದ ಸರಿಯನ್ನು ಗಂಟಲಿಗೆ ಸುರಿಯುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ. ಇದನ್ನು ಬಿಡಲೇಬೇಕು. ಅಳುವ ಕೂಸಿನ ಗಂಟಲಿಗೆ ಸುರಿದ ಸರಿ ಶ್ವಾಸಕೋಶಕ್ಕೆ ಇಳಿಯಬಹುದು. ತುಟಿ, ನಾಲಿಗೆಗೆ ಕೆಲಸವೂ ಇರುವುದಿಲ್ಲ. ನೆಟ್ಟಗೆ ಕೂರಿಸಿ, ಚಮಚವನ್ನು ತುಟಿಯ ಬಳಿ ಹಿಡಿದು, ಅದು ತಾನೇ ಬಾಯಿ ತೆರೆಯುವವರೆಗೆ ಕಾಯಬೇಕು. ಮೊದಲ ಸಲ ಉಗುಳಿದ್ದನ್ನು ಎಂಟು ಹತ್ತು ಸಲ ಕೊಟ್ಟ ಮೇಲೆ ಇಷ್ಟಪಟ್ಟು ತಿನ್ನುವುದುಂಟು.

ಸರಿ ಹಿಟ್ಟನ್ನು ಹೇಗೆ ಮಾಡಬೇಕು

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಅಕ್ಕಿ ಗೋಧಿಗಳು ಇದರ ಹತ್ತಿರಕ್ಕೂ ಬರುವುದಿಲ್ಲ. ಮೊಳಕೆ ಕಟ್ಟಿದ ರಾಗಿಗೆ ಇನ್ನೊಂದು ಗುಣವಿದೆ. ಮೊಳೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ಸರಿ ಅಂಟಂಟಾಗಿ ಗಟ್ಟಿಕಟ್ಟುವುದಿಲ್ಲ. ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಸತ್ವ ಸಿಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು 1980ರ ದಶಕದ ಆರಂಭದಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಶಿಶು ಆಹಾರ ತಯಾರಿಸಿದ್ದು ಇದೇ ತತ್ವದ ಮೇಲೆ.

ರಾಗಿಯನ್ನು ರಾತ್ರಿ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಡಬೇಕು. ಹೆಸರುಕಾಳಿಗೆ ಒಂದು ದಿನ ಸಾಕು. ಬಿಸಿಲಿನಲ್ಲಿ ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಘಮ ಬರುವಷ್ಟು ಮಾತ್ರ ಹದವಾಗಿ ಹುರಿಯಬೇಕು; ಕೆಂಪಗೆ ಹುರಿದರೆ ಕಿಣ್ವ ಸತ್ತುಹೋಗುತ್ತದೆ. 7 ಪಾಲು ರಾಗಿಗೆ 3 ಪಾಲು ಹೆಸರು ಸೇರಿಸಿ ಬೀಸಬೇಕು. ಮೊದಲ ತಿಂಗಳು ತೆಳುವಾದ ಬಟ್ಟೆಯಲ್ಲಿ ಜಾಲಿಸಿ, ಮುಂದೆ ಸಾಮಾನ್ಯ ಜರಡಿಗೆ ಬನ್ನಿ. ರಾಗಿಯ ಸುಣ್ಣದ ಅಂಶ ಹೆಚ್ಚಾಗಿರುವುದು ಸಿಪ್ಪೆಯಲ್ಲಿಯೇ, ಅತಿಯಾಗಿ ಜಾಲಿಸಿದರೆ ಅದನ್ನು ಎಸೆದಂತೆ. ಮೆಕ್ಕೆಜೋಳ, ಶೇಂಗಾ ಬೆರೆಸುವವರು ಬೂಷ್ಟು ಹಿಡಿದ ಒಂದು ಕಾಳೂ ಸೇರದಂತೆ ಆರಿಸಬೇಕು. ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಓಕರಿಕೆ ಬೇರೆ, ಉಸಿರು ಕಟ್ಟುವುದು ಬೇರೆ

ತಾಯಂದಿರು ಮಿಕ್ಸಿಗೆ ಅಂಟಿಕೊಳ್ಳಲು ದೊಡ್ಡ ಕಾರಣ ಈ ಹೆದರಿಕೆಯೇ. ಎಳೆಗೂಸಿಗೆ ಓಕರಿಕೆ ಬಲುಬೇಗ ಬರುತ್ತದೆ. ತುಂಡು ಸ್ವಲ್ಪ ಹಿಂದಕ್ಕೆ ಸರಿದರೂ ಮುಖ ಕೆಂಪಾಗಿ, ಸದ್ದು ಮಾಡಿ, ಕೆಮ್ಮಿ ಮುಂದಕ್ಕೆ ತಳ್ಳುತ್ತದೆ. ಇದು ಪ್ರಕೃತಿ ಇಟ್ಟ ಕಾವಲು, ಸುಮ್ಮನೆ ನೋಡುತ್ತಿರಬೇಕು. ನಿಜವಾಗಿ ಉಸಿರು ಕಟ್ಟಿದಾಗ ಸದ್ದೇ ಇರುವುದಿಲ್ಲ. ಕೂಸಿಗೆ ಅಳಲೂ ಕೆಮ್ಮಲೂ ಆಗದು, ತುಟಿ ನೀಲಿಯಾಗುತ್ತದೆ. ಆಗ ಒಂದು ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲಾಗಿ, ತಲೆ ಕೆಳಗಿರುವಂತೆ ಹಿಡಿದು, ಬೆನ್ನಿನ ಮೇಲೆ ರೆಕ್ಕೆಮೂಳೆಗಳ ನಡುವೆ ಅಂಗೈಯಿಂದ 5 ಬಾರಿ ಬಲವಾಗಿ ತಟ್ಟಬೇಕು. ಹೊರಬಾರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ 5 ಬಾರಿ ಒತ್ತಬೇಕು. ತುಂಡು ಹೊರಬರುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡುತ್ತಾ, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಬೇಕು. ಕಾಣದ ತುಂಡನ್ನು ತೆಗೆಯಲು ಗಂಟಲಿಗೆ ಬೆರಳು ಹಾಕಬಾರದು, ಅದು ಇನ್ನೂ ಒಳಕ್ಕೆ ಹೋಗುತ್ತದೆ.

ಅಪಾಯ ತರುವುದು ಮೆತ್ತನೆಯ ಅನ್ನವಲ್ಲ. ಇಡೀ ಶೇಂಗಾ ಬೀಜ, ಪುಟಾಣಿ, ಅಡಿಕೆ ಚೂರು, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ಇವು ಅಪಾಯಕಾರಿ. ಶೇಂಗಾ ಬೀಜವನ್ನು ಐದು ವರ್ಷದವರೆಗೂ ಇಡಿಯಾಗಿ ಕೊಡಬಾರದು, ಹುರಿದು ನುಣ್ಣಗೆ ಪುಡಿ ಮಾಡಿ ಸರಿಯಲ್ಲಿ ಬೆರೆಸಬಹುದು. ಇನ್ನು ದಾವಣಗೆರೆಯ ಮಂಡಕ್ಕಿ. ಸಂಜೆ ದೊಡ್ಡವರು ಮಂಡಕ್ಕಿ ತಿನ್ನುವಾಗ ತೊಡೆಯ ಮೇಲಿನ ಕೂಸಿನ ಕೈಗೂ ನಾಲ್ಕು ಕಾಳು ಹಾಕುವುದು ಈ ಊರಿನ ವಾಡಿಕೆ. ಒಣ ಮಂಡಕ್ಕಿ ಎಳೆಗೂಸಿಗೆ ಬೇಡ. ಅದರ ಜೊತೆಗಿರುವ ಶೇಂಗಾ, ಪುಟಾಣಿ ಇನ್ನೂ ಬೇಡ. ಕೊಡಲೇಬೇಕೆಂದಿದ್ದರೆ ನೀರಿನಲ್ಲಿ ನೆನೆಸಿ, ಹಿಂಡಿ, ಆ ಉಪ್ಪುನೀರನ್ನು ಚೆಲ್ಲಿ, ಮೊಸರಿನಲ್ಲಿ ಕಿವುಚಿ ಕೊಡಿ.

ನಾಟಿ, ಕಳೆಯ ದಿನಗಳಲ್ಲಿ

ತಾಯಿ ಹೊಲಕ್ಕೆ ಹೋದಾಗ ಕೂಸಿನ ಹೊಣೆ ಅಜ್ಜಿಯದು. ಆದ್ದರಿಂದ ಮೇಲೆ ಹೇಳಿದ್ದನ್ನೆಲ್ಲ ಅಜ್ಜಿಗೂ ಓದಿ ಹೇಳಬೇಕು. ಬೆಳಿಗ್ಗೆ ಮಾಡಿದ ಸರಿಯನ್ನು ಮಧ್ಯಾಹ್ನದವರೆಗೆ ಇಟ್ಟು ಕೊಡುವುದರಿಂದಲೇ ಭೇದಿ ಆರಂಭವಾಗುವುದು. ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಹಿಟ್ಟನ್ನು ಒಣಗಿದ ಡಬ್ಬಿಯಲ್ಲಿಟ್ಟು ಹೊತ್ತಿಗೆ ಸರಿಯಾಗಿ ಕಾಯಿಸಬೇಕು, ಇಲ್ಲವೇ ಬಾಳೆಹಣ್ಣು ಕಿವುಚಿ ಕೊಡಬೇಕು. ಅಂಗನವಾಡಿಯಲ್ಲಿ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಮನೆಗೆ ಕೊಡುವ ಆಹಾರವನ್ನು ಮನೆಮಂದಿ ಹಂಚಿಕೊಳ್ಳದೆ ಕೂಸಿಗೇ ಉಳಿಸಬೇಕು. ವಾರಕ್ಕೆ ಎರಡು ಬಾರಿ ಕೊಡುವ ಕಬ್ಬಿಣಾಂಶದ ಸಿರಪ್ಪನ್ನು ಆಶಾ ಕಾರ್ಯಕರ್ತೆಯಲ್ಲಿ ಕೇಳಿ ಪಡೆಯಬಹುದು.

ಈಗಾಗಲೇ ತಡವಾಗಿದ್ದರೆ

ವರ್ಷ ದಾಟಿಯೂ ಮಿಕ್ಸಿಯ ಸರಿಯಲ್ಲೇ ಇರುವ ಕೂಸಿಗೆ ಒಮ್ಮೆಲೇ ಅನ್ನ ಕೊಟ್ಟು ಹಟ ಹಿಡಿಯಬಾರದು. ಮೊದಲ ನಾಲ್ಕೈದು ದಿನ ಸರಿಯನ್ನು ಗಟ್ಟಿ ಮಾಡುತ್ತಾ ಬನ್ನಿ. ನಂತರ ನಾಲ್ಕು ಚಮಚ ನುಣ್ಣನೆಯ ಊಟಕ್ಕೆ ಒಂದು ಚಮಚ ಕಡಗೋಲಿನಲ್ಲಿ ಮಸೆದದ್ದು, ವಾರ ಬಿಟ್ಟು ಎರಡು ಚಮಚ, ಹೀಗೆ ಏರಿಸಿ. ಒಂದು ತಿಂಗಳಿಂದ ಆರು ವಾರ ಹಿಡಿಯಬಹುದು. ಹಸಿವಾದಾಗಲೇ ಹೊಸ ಊಟವನ್ನು ಮುಂದಿಡಿ. ಊಟಕ್ಕೆ ಮುಂಚೆ ಹಾಲು, ಬಿಸ್ಕತ್ತು ಕೊಡಬೇಡಿ. ಮನೆಯವರೆಲ್ಲ ಉಣ್ಣುವಾಗ ಪಂಕ್ತಿಯಲ್ಲಿ ಅದಕ್ಕೂ ಒಂದು ತಟ್ಟೆ ಇಡಿ. ಅಣ್ಣ ಅಕ್ಕಂದಿರು ಅಗಿಯುವುದನ್ನು ನೋಡಿ ಕಲಿಯುವುದು ಹೆಚ್ಚು.

ನೀರು ಕುಡಿದರೂ ಪ್ರತಿಸಲ ಕೆಮ್ಮುವ, ಎಂಟು ತಿಂಗಳಾದರೂ ಕತ್ತು ನಿಲ್ಲದ, ತಾಯಿ ಕಾರ್ಡಿನ ಬೆಳವಣಿಗೆ ಗೆರೆಯಲ್ಲಿ ತೂಕ ಕೆಳಗಿಳಿಯುತ್ತಿರುವ ಕೂಸುಗಳ ವಿಷಯ ಬೇರೆ. ಇವುಗಳಿಗೆ ಮನೆಯಲ್ಲಿ ಪ್ರಯೋಗ ಮಾಡುತ್ತಾ ಕೂರದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ದಿನ ತುಂಬದೆ ಹುಟ್ಟಿದ ಕೂಸಿಗೆ ಊಟವನ್ನು ಎಂದು ಆರಂಭಿಸಬೇಕೆಂಬುದನ್ನೂ ಅವರನ್ನೇ ಕೇಳಿ ತಿಳಿಯಬೇಕು.